ಎಷ್ಟು ಆಂಪಿಯರ್, ಎಷ್ಟು ಹೊತ್ತು: ಮೋಟಾರ್ ಕಂಟ್ರೋಲರ್‌ಗಳಲ್ಲಿ ಓವರ್‌ಕರೆಂಟ್ ರಕ್ಷಣೆ

(ಮಂಗಳೂರಿನಲ್ಲಿ ಕೈಗಾರಿಕಾ ತಂತ್ರಜ್ಞರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮೋಟಾರಿನ ವೇಗವನ್ನು ನಿಯಂತ್ರಿಸುವ ಡ್ರೈವ್ ಟ್ರಿಪ್ ಆಗಿ, ಅಂದರೆ ರಕ್ಷಣೆಗಾಗಿ ತಾನಾಗಿ ನಿಂತು, ಅದರ ಪರದೆಯ ಮೇಲೆ ಓವರ್‌ಕರೆಂಟ್ (ಮಿತಿಮೀರಿದ ಪ್ರವಾಹ) ಎಂದು ಕಾಣಿಸಿಕೊಂಡರೆ, ಅದು ಬೈಕಂಪಾಡಿಯ ಕಾರ್ಖಾನೆಯಾಗಲಿ, ಮಲ್ಪೆಯ ಐಸ್ ಪ್ಲಾಂಟ್ ಆಗಲಿ, ಮೊದಲು ಕೇಳಿಬರುವ ಮಾತು ಒಂದೇ: "ಲಿಮಿಟ್ ಎಷ್ಟಕ್ಕಿಟ್ಟಿದ್ದೀರಿ? ಸ್ವಲ್ಪ ಏರಿಸಿದರಾಗದೇ?" ಕೇಳಬೇಕಾದ ಪ್ರಶ್ನೆಯೇ ಹೌದು, ಆದರೆ ಅದು ಅರ್ಧ ಪ್ರಶ್ನೆ. ಎಷ್ಟು ಆಂಪಿಯರ್ ಎಂದು ಕೇಳುವವರು ಎಷ್ಟು ಹೊತ್ತು ಎಂದೂ, ಯಾವ ತಂತಿಯಲ್ಲಿ ಅಳೆದದ್ದು ಎಂದೂ ಕೇಳದಿದ್ದರೆ, ಸಿಗುವ ಉತ್ತರದಿಂದ ಮೋಟಾರೂ ಉಳಿಯುವುದಿಲ್ಲ, ಡ್ರೈವೂ ಉಳಿಯುವುದಿಲ್ಲ. ಇಂದು ನಿಮ್ಮೆದುರು ಮಾತನಾಡಬೇಕೆಂದಿರುವುದು ಆ ಉಳಿದರ್ಧದ ಬಗ್ಗೆ.

ಮೊದಲು ಹಳೆಯ ವ್ಯವಸ್ಥೆಯನ್ನು ನೆನಪಿಸಿಕೊಳ್ಳೋಣ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರ ಅಂದಾಜುಗಳು ರೂಪುಗೊಂಡದ್ದು ಅಲ್ಲಿಯೇ. 10 ಎಚ್‌ಪಿಯ, ಅಂದರೆ 7.5 ಕಿಲೋವಾಟ್‌ನ ಮೂರು ಫೇಸ್ ಇಂಡಕ್ಷನ್ ಮೋಟಾರು 415 ವೋಲ್ಟ್‌ನಲ್ಲಿ ಪೂರ್ಣ ಹೊರೆಗೆ ಸುಮಾರು 14 ಆಂಪಿಯರ್ ಎಳೆಯುತ್ತದೆ. ಅದನ್ನೇ ಡಿಒಎಲ್ ಸ್ಟಾರ್ಟರಿನ ಮೂಲಕ ನೇರವಾಗಿ ಲೈನಿಗೆ ಕೊಟ್ಟರೆ, ರೋಟರ್ ವೇಗ ಪಡೆಯುವವರೆಗೆ ಅದರ ಆರೇಳು ಪಟ್ಟು, ಅಂದರೆ 85ರಿಂದ 100 ಆಂಪಿಯರ್‌ವರೆಗೆ ಹರಿಯುತ್ತದೆ. ಇದು ದೋಷವಲ್ಲ, ಮೋಟಾರಿನ ಸ್ವಭಾವ. ಹಾಗಾಗಿ ಸ್ಟಾರ್ಟರಿನ ಓವರ್‌ಲೋಡ್ ರಿಲೇಗೆ ಕಾಯುವ ಗುಣ ಬೇಕು. ಅಂತರರಾಷ್ಟ್ರೀಯ ಐಇಸಿ ಮಾನದಂಡದ ಕ್ಲಾಸ್ 10 ರಿಲೇ ತನಗೆ ಗೊತ್ತುಮಾಡಿದ ಪ್ರವಾಹದ 7.2 ಪಟ್ಟು ಹರಿದರೆ 10 ಸೆಕೆಂಡಿನೊಳಗೆ ಟ್ರಿಪ್ ಆಗಬೇಕು; 1.2 ಪಟ್ಟು ಹರಿದಾಗ ಎರಡು ಗಂಟೆಯವರೆಗೆ ಸಮಯ ತೆಗೆದುಕೊಂಡರೂ ಅದನ್ನು ಕೆಟ್ಟ ರಿಲೇ ಎನ್ನುವಂತಿಲ್ಲ. ಒಳಗಿನ ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗುವ ಗತಿಯು ವೈಂಡಿಂಗ್ ಬಿಸಿಯಾಗುವ ಗತಿಗೆ ಹತ್ತಿರವಿರುವುದರಿಂದಲೇ ಈ ಸರಳ ಸಾಧನ ಇಂದಿಗೂ ನಮ್ಮ ಪ್ಯಾನೆಲ್‌ಗಳಲ್ಲಿ ಉಳಿದುಕೊಂಡಿದೆ. ಶಾರ್ಟ್ ಸರ್ಕ್ಯೂಟ್ ಆದರೆ ತಾನಾಗಿ ತೆರೆದುಕೊಳ್ಳುವ ಎಂಸಿಬಿ ಬ್ರೇಕರೋ ದೊಡ್ಡ ಪ್ರವಾಹ ಕಡಿಯಬಲ್ಲ ಎಚ್‌ಆರ್‌ಸಿ ಫ್ಯೂಸೋ ನೋಡಿಕೊಳ್ಳುತ್ತದೆ. ರಕ್ಷಣೆ ಬೇಕಾದದ್ದು ತಾಮ್ರಕ್ಕೆ ಮತ್ತು ಅದರ ಮೇಲಿನ ಇನ್ಸುಲೇಷನ್‌ಗೆ ಮಾತ್ರ; ಇವೆರಡೂ ಕೆಲವು ಸೆಕೆಂಡುಗಳ ಅತಿರೇಕವನ್ನು ಸಹಿಸಿಕೊಳ್ಳುತ್ತವೆ.

ಡ್ರೈವ್ ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿತು. ಅದು 415 ವೋಲ್ಟ್ ಎಸಿಯನ್ನು ಸುಮಾರು 590 ವೋಲ್ಟ್ ಡಿಸಿಯಾಗಿ ಪರಿವರ್ತಿಸಿ, ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಟ್ಟುಕೊಂಡು, ಅಲ್ಲಿಂದ ಆರು ಐಜಿಬಿಟಿಗಳ (ಗೇಟ್ ಎಂಬ ತುದಿಯಿಂದ ಆನ್, ಆಫ್ ಮಾಡುವ ಟ್ರಾನ್ಸಿಸ್ಟರ್‌ಗಳ) ಮೂಲಕ ಸೆಕೆಂಡಿಗೆ ಸಾವಿರಾರು ಬಾರಿ ಸ್ವಿಚ್ ಮಾಡುತ್ತ ಮೋಟಾರಿಗೆ ಕೊಡುತ್ತದೆ. ನಮ್ಮ 10 ಎಚ್‌ಪಿ ಡ್ರೈವಿನ ಒಂದೊಂದು ಐಜಿಬಿಟಿಯೂ 50 ಆಂಪಿಯರ್ ರೇಟಿಂಗಿನದು ಎಂದಿಟ್ಟುಕೊಳ್ಳಿ. ಔಟ್‌ಪುಟ್ ಟರ್ಮಿನಲ್‌ನಲ್ಲೇ ಎರಡು ತಂತಿಗಳು ತಾಗಿಬಿಟ್ಟರೆ ಅದರ ಮೂಲಕ ಸುಮಾರು 200 ಆಂಪಿಯರ್ ನುಗ್ಗುತ್ತದೆ, ಜೊತೆಗೆ ಬಸ್ಸಿನ, ಅಂದರೆ ಒಳಗಿನ ಆ ಡಿಸಿ ತಂತಿಜೋಡಿಯ, ಬಹುಪಾಲು ವೋಲ್ಟೇಜ್ ಆ ಐಜಿಬಿಟಿಯ ಮೇಲೆಯೇ ಬೀಳುತ್ತದೆ. 600 ವೋಲ್ಟನ್ನು 200 ಆಂಪಿಯರಿನಿಂದ ಗುಣಿಸಿ ನೋಡಿ. 120 ಕಿಲೋವಾಟ್, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಸಿಲಿಕಾನ್ ತುಣುಕಿನೊಳಗೆ! ಹಳೆಯ ತಲೆಮಾರಿನ ಐಜಿಬಿಟಿಗಳು ಇದನ್ನು 10 ಮೈಕ್ರೋಸೆಕೆಂಡುಗಳ ಕಾಲ ತಾಳಿಕೊಳ್ಳುತ್ತವೆಂದು ತಯಾರಕರು ಭರವಸೆ ಕೊಡುತ್ತಿದ್ದರು. ಚಿಪ್ ತೆಳ್ಳಗಾಗಿ, ನಷ್ಟ ಕಡಿಮೆಯಾಗುತ್ತ ಬಂದಂತೆ ಆ ಅವಧಿಯೂ ಐದಾರು ಮೈಕ್ರೋಸೆಕೆಂಡಿಗೆ ಇಳಿದಿದೆ. ಇನ್ನೊಂದು ಬಗೆಯ ಸ್ವಿಚ್‌ಗಳಾದ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳಲ್ಲಂತೂ ಎರಡು ಮೂರು ಮೈಕ್ರೋಸೆಕೆಂಡ್ ಸಿಕ್ಕಿದರೆ ಅದೇ ಹೆಚ್ಚು.

ಇಲ್ಲಿ ಲೈನಿನ ಎಂಸಿಬಿ ಏನು ಮಾಡಬಲ್ಲದು? 50 ಹರ್ಟ್ಸ್ ವಿದ್ಯುತ್ತಿನ ಅರ್ಧ ಆವರ್ತಕ್ಕೆ 10 ಮಿಲಿಸೆಕೆಂಡ್ ಬೇಕು. ಎಂಸಿಬಿ ಅಷ್ಟರೊಳಗೆ ತೆರೆದುಕೊಂಡಿತೆಂದೇ ಇಟ್ಟುಕೊಂಡರೂ ಅದು ಐಜಿಬಿಟಿಯ ತಾಳಿಕೆಯ ಸಾವಿರ ಪಟ್ಟು. ಇನ್ನೂ ಒಂದು ತೊಡಕಿದೆ. ಶಾರ್ಟ್ ಆದ ಕ್ಷಣದಲ್ಲಿ ಪ್ರವಾಹ ಬರುವುದು ಲೈನಿನಿಂದಲ್ಲ, ಡ್ರೈವಿನ ಹೊಟ್ಟೆಯಲ್ಲೇ ಇರುವ ಕೆಪಾಸಿಟರಿನಿಂದ. 600 ವೋಲ್ಟ್‌ಗೆ ತುಂಬಿದ 1000 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 180 ಜೂಲ್ ಶಕ್ತಿ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ 10 ಮೈಕ್ರೋಸೆಕೆಂಡುಗಳಲ್ಲಿ ಚಿಪ್ಪಿಗೆ ಇಳಿಯುವ ಶಕ್ತಿ 1.2 ಜೂಲ್ ಮಾತ್ರ. ಅಂದರೆ ಎಂಸಿಬಿ ಮೊದಲೇ ತೆರೆದುಕೊಂಡಿದ್ದರೂ ಐಜಿಬಿಟಿಯನ್ನು ನೂರು ಸಲ ಸುಡುವಷ್ಟು ದಾಸ್ತಾನು ಒಳಗೇ ಇದೆ. ಫ್ಯೂಸನ್ನು ಉಳಿಸುವುದಕ್ಕಾಗಿ ಟ್ರಾನ್ಸಿಸ್ಟರ್ ತಾನೇ ಮೊದಲು ಸುಟ್ಟುಹೋಗುತ್ತದೆ ಎಂದು ರಿಪೇರಿ ಮಾಡುವವರು ತಮಾಷೆ ಮಾಡುವುದುಂಟು. ಹಾಗೆಂದು ಫ್ಯೂಸ್ ಬೇಡವೆಂದು ಯಾರೂ ಭಾವಿಸಬಾರದು. ಡ್ರೈವಿನ ಕೈಪಿಡಿಯಲ್ಲಿ ಹೇಳಿದ ವೇಗದ ಫ್ಯೂಸ್ ಐಜಿಬಿಟಿಯನ್ನು ಉಳಿಸುವುದಿಲ್ಲ, ಐಜಿಬಿಟಿ ಸತ್ತ ಮೇಲೆ ಮಾಡ್ಯೂಲ್ ಸಿಡಿದು ಪ್ಯಾನೆಲ್‌ಗೆ ಬೆಂಕಿ ಹತ್ತದಂತೆ ತಡೆಯುತ್ತದೆ. ಅದರ ಕೆಲಸ ಅಷ್ಟೇ, ಆದರೆ ಅದು ಸಣ್ಣ ಕೆಲಸವಲ್ಲ.

ಈ ಸಂದರ್ಭದಲ್ಲಿ ಸ್ವಲ್ಪ ಬದಿಗೆ ಸರಿದು ಒಂದು ಮಾತು ಹೇಳಬೇಕು. ಐಜಿಬಿಟಿಯನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಬಳಕೆಗೆ ತಂದವರು ಬಂಟ್ವಾಳ ಜಯಂತ್ ಬಾಳಿಗಾ. ಮದರಾಸಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವರಾದರೂ, ಹೆಸರಿನ ಮೊದಲಿಗೇ ಬಂಟ್ವಾಳ ಇರುವವರನ್ನು ಮಂಗಳೂರಿನ ಸಭೆಯಲ್ಲಿ ನೆನೆಯದೆ ಮುಂದೆ ಹೋಗುವುದು ಹೇಗೆ? 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ನಮ್ಮ ವಿಷಯಕ್ಕೆ ಇದರ ಸಂಬಂಧ ಹೀಗಿದೆ. ಐಜಿಬಿಟಿಗೆ ಮುಂಚೆ ದೊಡ್ಡ ಡ್ರೈವ್‌ಗಳಲ್ಲಿದ್ದದ್ದು ಥೈರಿಸ್ಟರ್. ಒಮ್ಮೆ ಹೊತ್ತಿಕೊಂಡ ಥೈರಿಸ್ಟರನ್ನು ಗೇಟಿನಿಂದ ಆರಿಸಲು ಬರುವುದಿಲ್ಲ. ಪ್ರವಾಹ ತಾನಾಗಿ ಸೊನ್ನೆಗೆ ಬರಬೇಕು, ಇಲ್ಲವೇ ಫ್ಯೂಸ್ ಹೋಗಬೇಕು. ಐಜಿಬಿಟಿಯ ರಚನೆಯಲ್ಲೂ ಒಂದು ಅನಪೇಕ್ಷಿತ ಥೈರಿಸ್ಟರ್ ಅಡಗಿದೆ. ಅದು ಎಚ್ಚರಗೊಂಡರೆ ಗೇಟಿನ ಹಿಡಿತ ತಪ್ಪಿಹೋಗುತ್ತದೆ ಎಂಬ ಕಾರಣಕ್ಕೇ ಆರಂಭದ ದಿನಗಳಲ್ಲಿ ಈ ಸಾಧನ ನಡೆಯಲಾರದು ಎಂದು ಹಲವರು ಅಂದುಕೊಂಡಿದ್ದರು. ಅದನ್ನು ಅಡಗಿಸಿದ ನಂತರವೇ, ಶಾರ್ಟ್ ಆದಾಗಲೂ ಪ್ರವಾಹವನ್ನು ತನ್ನ ರೇಟಿಂಗಿನ ನಾಲ್ಕೈದು ಪಟ್ಟಿಗೆ ತಾನೇ ಕಟ್ಟಿಹಾಕುವ, ಗೇಟಿನ ಆಜ್ಞೆ ಬಂದೊಡನೆ ಆರುವ ಸ್ವಿಚ್ ನಮಗೆ ಸಿಕ್ಕಿತು. ಇವತ್ತಿನ ಎಲೆಕ್ಟ್ರಾನಿಕ್ ರಕ್ಷಣೆಯೆಲ್ಲ ನಿಂತಿರುವುದು ಈ ಗುಣದ ಮೇಲೆ.

ಹಾಗಾದರೆ ಆ ಹತ್ತು ಮೈಕ್ರೋಸೆಕೆಂಡುಗಳೊಳಗೆ ಶಾರ್ಟನ್ನು ಗುರುತಿಸುವುದು ಯಾರು? ಪ್ರೊಸೆಸರ್ ಅಲ್ಲ. ಪ್ರತಿ ಐಜಿಬಿಟಿಯ ಪಕ್ಕದಲ್ಲಿರುವ ಗೇಟ್ ಡ್ರೈವರ್ ಚಿಪ್ಪೇ ಈ ಕೆಲಸ ಮಾಡುತ್ತದೆ. ಸರಿಯಾಗಿ ಆನ್ ಆಗಿರುವ ಐಜಿಬಿಟಿಯ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಎರಡು ಮೂರು ವೋಲ್ಟ್ ಇರುತ್ತದೆ. ಆನ್ ಆಗಿರಬೇಕಾದ ಹೊತ್ತಿನಲ್ಲಿ ಅದು ಏಳೆಂಟು ವೋಲ್ಟ್ ದಾಟಿತೆಂದರೆ ಪ್ರವಾಹ ಮಿತಿಮೀರಿದೆ ಎಂದೇ ಅರ್ಥ. ಪ್ರವಾಹವನ್ನು ಅಳೆಯದೆಯೇ ಅತಿಪ್ರವಾಹವನ್ನು ಹಿಡಿಯುವ ಈ ಉಪಾಯಕ್ಕೆ ಡಿಸ್ಯಾಟ್ ರಕ್ಷಣೆ ಎನ್ನುತ್ತಾರೆ. ಆನ್ ಆದ ಮೊದಲ ಒಂದೆರಡು ಮೈಕ್ರೋಸೆಕೆಂಡ್ ಇದು ಕಣ್ಣು ಮುಚ್ಚಿಕೊಂಡಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ವೋಲ್ಟೇಜ್ ಇನ್ನೂ ಇಳಿಯುತ್ತಲೇ ಇರುತ್ತದೆ. ಈ ಕಣ್ಣುಮುಚ್ಚುವ ಅವಧಿಯನ್ನು ಒಂದು ಸಣ್ಣ ಕೆಪಾಸಿಟರ್ ನಿರ್ಧರಿಸುತ್ತದೆ. ರಿಪೇರಿಗೆ ಬಂದ ಬೋರ್ಡಿನಲ್ಲಿ ಆ ಕೆಪಾಸಿಟರನ್ನು ಬದಲಿಸುವ ಪ್ರಸಂಗ ಬಂದರೆ, ಸಿಕ್ಕಿದ ಬೆಲೆಯದ್ದನ್ನು ಹಾಕಬೇಡಿ. ದೊಡ್ಡದನ್ನು ಹಾಕಿದರೆ ಡ್ರೈವ್ ಏನೂ ಆಗದಂತೆ ಓಡುತ್ತದೆ, ಶಾರ್ಟ್ ಆದ ದಿನ ಮಾತ್ರ ರಕ್ಷಣೆ ಬರುವಷ್ಟರಲ್ಲಿ ಐಜಿಬಿಟಿ ಇರುವುದಿಲ್ಲ.

ಶಾರ್ಟನ್ನು ಗುರುತಿಸಿದೊಡನೆ ಐಜಿಬಿಟಿಯನ್ನು ಥಟ್ಟನೆ ಆಫ್ ಮಾಡಿದರೆ ಮುಗಿಯಿತೆಂದು ನಿಮಗೆ ಅನ್ನಿಸಬಹುದು. ಕೆಪಾಸಿಟರಿನಿಂದ ಐಜಿಬಿಟಿಯವರೆಗಿನ ತಾಮ್ರದ ಪಟ್ಟಿಗೆ ತನ್ನದೇ ಇಂಡಕ್ಟೆನ್ಸ್ (ಪ್ರವಾಹ ಬದಲಾಗುವುದನ್ನು ವಿರೋಧಿಸುವ ಗುಣ) ಇದೆ; 100 ನ್ಯಾನೋಹೆನ್ರಿ ಎಂದುಕೊಳ್ಳಿ. 200 ಆಂಪಿಯರನ್ನು 50 ನ್ಯಾನೋಸೆಕೆಂಡಿನಲ್ಲಿ ಕಡಿದರೆ ಅಲ್ಲಿ ಹುಟ್ಟುವ ವೋಲ್ಟೇಜ್ 400. ಬಸ್ಸಿನ 600 ವೋಲ್ಟ್‌ಗೆ ಇದು ಸೇರಿ 1000. ಮೋಟಾರು ಬ್ರೇಕ್ ಆಗುತ್ತಿರುವಾಗ ಬಸ್ ವೋಲ್ಟೇಜ್ 750ಕ್ಕೆ ಏರಿರಬಹುದು; ಆಗ 1150. ಸಾಧನದ ಮಿತಿ 1200. ಪ್ರವಾಹದಿಂದ ಉಳಿಸಲು ಹೋಗಿ ವೋಲ್ಟೇಜಿನಿಂದ ಕೊಲ್ಲುವ ಪರಿಸ್ಥಿತಿ ಇದು. ಆದ್ದರಿಂದಲೇ ಒಳ್ಳೆಯ ಗೇಟ್ ಡ್ರೈವರ್‌ಗಳು ದೋಷ ಕಂಡಾಗ ಮಾಮೂಲಿಗಿಂತ ನಿಧಾನವಾಗಿ, ಒಂದೆರಡು ಮೈಕ್ರೋಸೆಕೆಂಡ್ ತೆಗೆದುಕೊಂಡು ಗೇಟನ್ನು ಇಳಿಸುತ್ತವೆ. ತಾಳಿಕೆಯ ಅವಧಿಯಲ್ಲಿ ಕಣ್ಣುಮುಚ್ಚುವುದಕ್ಕೆ ಒಂದು ಪಾಲು, ಗುರುತಿಸುವುದಕ್ಕೆ ಒಂದು ಪಾಲು, ನಿಧಾನವಾಗಿ ಆರಿಸುವುದಕ್ಕೆ ಒಂದು ಪಾಲು ಹೋಗುತ್ತದೆ. ಹತ್ತು ಮೈಕ್ರೋಸೆಕೆಂಡ್ ಇದ್ದಾಗ ಹಂಚಿಕೆ ಸುಲಭವಾಗಿತ್ತು. ಮೂರಕ್ಕೆ ಇಳಿದ ಮೇಲೆ ವಿನ್ಯಾಸಕಾರರ ನಿದ್ದೆ ಕೆಟ್ಟಿರುವುದು ಸಹಜ.

ಇನ್ನು ಎಲ್ಲಿ ಅಳೆಯಬೇಕೆಂಬ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಕಾರ್ಖಾನೆಯ ಡ್ರೈವಿಗಿಂತ ವಿದ್ಯುತ್ ಸ್ಕೂಟರ್ ಒಳ್ಳೆಯ ಉದಾಹರಣೆ. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ವಾಹನಗಳ ಸಾಲಿನ ಮಧ್ಯೆ ನಿಂತ ಸ್ಕೂಟರ್ ಮತ್ತೆ ಹೊರಡಬೇಕು. ಬ್ಯಾಟರಿ 60 ವೋಲ್ಟ್, ಮೋಟಾರಿನ ಎರಡು ಫೇಸ್‌ಗಳ ನಡುವಿನ ರೋಧ 0.05 ಓಮ್ ಎಂದಿಟ್ಟುಕೊಳ್ಳಿ. ಚಕ್ರ ತಿರುಗದೇ ಇರುವಾಗ ಬ್ಯಾಕ್ ಇಎಂಎಫ್ (ತಿರುಗುವ ಮೋಟಾರು ತಾನೇ ಹುಟ್ಟಿಸುವ ಎದುರು ವೋಲ್ಟೇಜ್) ಇರುವುದಿಲ್ಲ. ಆಗ ಬ್ಯಾಟರಿಯನ್ನು ಹಾಗೆಯೇ ಮೋಟಾರಿಗೆ ಜೋಡಿಸಿಬಿಟ್ಟರೆ 1200 ಆಂಪಿಯರ್ ಹರಿಯಬೇಕು. ಕಂಟ್ರೋಲರ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಫೇಸ್ ಪ್ರವಾಹವನ್ನು 120 ಆಂಪಿಯರಿಗೆ ಮಿತಿಗೊಳಿಸಿದ್ದರೆ, ಮೋಟಾರಿಗೆ 6 ವೋಲ್ಟ್ ಸಾಕಾಗುವಂತೆ ಡ್ಯೂಟಿಯನ್ನು (ಪ್ರತಿ ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲನ್ನು) ಶೇ 10ಕ್ಕೆ ಇಳಿಸುತ್ತದೆ. ಈಗ ಬ್ಯಾಟರಿಯ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ ಎಷ್ಟು ಕಾಣುತ್ತದೆ? 12 ಆಂಪಿಯರ್. ಬ್ಯಾಟರಿಯಿಂದ ಹೊರಡುವ 720 ವಾಟ್ ಮೋಟಾರಿಗೂ 720 ವಾಟ್ ಆಗಿಯೇ ತಲುಪುತ್ತದೆ, ಲೆಕ್ಕ ತಪ್ಪಿಲ್ಲ. ಆದರೆ ಚಕ್ರ ತಿರುಗದ ಕಾರಣ ಆ 720 ವಾಟ್ ಪೂರ್ತಿ ವೈಂಡಿಂಗ್‌ನಲ್ಲಿ ಶಾಖವಾಗುತ್ತದೆ. ಬ್ಯಾಟರಿಗೆ 40 ಆಂಪಿಯರಿನ ಫ್ಯೂಸ್ ಹಾಕಿ ನಿಶ್ಚಿಂತೆಯಿಂದಿರುವವರು ಇದನ್ನು ಗಮನಿಸಬೇಕು: ಮೋಟಾರು ಸುಡುವ ಹೊತ್ತಿನಲ್ಲಿ ಆ ಫ್ಯೂಸ್ ಬೆಚ್ಚಗೂ ಆಗಿರುವುದಿಲ್ಲ. ಬ್ಯಾಟರಿಯ ಕಡೆ ಒಂದೇ ಶಂಟ್ (ಪ್ರವಾಹ ಅಳೆಯುವ ಸಣ್ಣ ರೋಧಕ) ಇಟ್ಟು ಅಲ್ಲಿಯ ಸರಾಸರಿ ಪ್ರವಾಹವನ್ನೇ ಮಿತಿಗೊಳಿಸುವ ಅಗ್ಗದ ಕಂಟ್ರೋಲರ್‌ಗಳು ಏರಿನಲ್ಲಿ ನಿಂತಾಗ ಮಾಸ್‌ಫೆಟ್ ಸುಟ್ಟುಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ. ಬ್ಯಾಟರಿ ಪ್ರವಾಹದ ಮಿತಿ ಬ್ಯಾಟರಿಯನ್ನು ಕಾಯುತ್ತದೆ, ಫೇಸ್ ಪ್ರವಾಹದ ಮಿತಿ ಮೋಟಾರನ್ನೂ ಮಾಸ್‌ಫೆಟ್ಟನ್ನೂ ಕಾಯುತ್ತದೆ. ಒಂದು ಇನ್ನೊಂದರ ಕೆಲಸ ಮಾಡಲಾರದು.

ಇದೇ ಸ್ಕೂಟರಿನಲ್ಲಿ ಎರಡು ಬಗೆಯ ವೇಗಗಳನ್ನೂ ನೋಡಬಹುದು. ಮೋಟಾರಿನ ಇಂಡಕ್ಟೆನ್ಸ್ 100 ಮೈಕ್ರೋಹೆನ್ರಿ ಇದ್ದರೆ 60 ವೋಲ್ಟ್‌ನಲ್ಲಿ ಪ್ರವಾಹ ಮೈಕ್ರೋಸೆಕೆಂಡಿಗೆ 0.6 ಆಂಪಿಯರಿನಂತೆ ಏರುತ್ತದೆ. 16 ಕಿಲೋಹರ್ಟ್ಸ್‌ನಲ್ಲಿ ಓಡುವ ಕಂಟ್ರೋಲರಿನ ಒಂದು ಆವರ್ತ 62.5 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಏರುವುದು 37 ಆಂಪಿಯರ್. ಆವರ್ತಕ್ಕೊಮ್ಮೆ ಪ್ರವಾಹವನ್ನು ಓದಿ ಡ್ಯೂಟಿ ತಿದ್ದುವ ಸಾಫ್ಟ್‌ವೇರಿಗೆ ಇದು ನಿಭಾಯಿಸಬಹುದಾದ ವೇಗ. ಆದರೆ ಒಂದೇ ಫೇಸಿನ ಮೇಲಿನ ಮತ್ತು ಕೆಳಗಿನ ಮಾಸ್‌ಫೆಟ್‌ಗಳು ಹೇಗೋ ಒಟ್ಟಿಗೆ ಆನ್ ಆಗಿಬಿಟ್ಟರೆ ಮಧ್ಯೆ ಮೋಟಾರೇ ಇಲ್ಲ, ಬರೀ 50 ನ್ಯಾನೋಹೆನ್ರಿಯ ತಾಮ್ರ. ಆಗ ಪ್ರವಾಹದ ಏರಿಕೆ ಮೈಕ್ರೋಸೆಕೆಂಡಿಗೆ 1200 ಆಂಪಿಯರಿನ ದರದಲ್ಲಿ. ಇದನ್ನು ಸಾಫ್ಟ್‌ವೇರ್ ಹಿಡಿಯುತ್ತದೆಂದು ನಂಬುವುದು ಭ್ರಮೆ. ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಸರ್ಕ್ಯೂಟ್) ಒಂದು ನೇರವಾಗಿ ಪಿಡಬ್ಲ್ಯುಎಂ ಘಟಕವನ್ನು, ಅಂದರೆ ಸ್ವಿಚಿಂಗ್ ಸಂಕೇತ ಕೊಡುವ ಭಾಗವನ್ನು, ನಿಲ್ಲಿಸಬೇಕು, ಪ್ರೊಸೆಸರ್ ಎಲ್ಲೋ ಸಿಕ್ಕಿಕೊಂಡು ನಿಂತಿದ್ದರೂ ಅದು ನಿಲ್ಲಬೇಕು. ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ನಿಮ್ಮಲ್ಲಿದ್ದೀರಿ. ನಿಮ್ಮ ಕಂಟ್ರೋಲರಿನಲ್ಲಿ ಈ ದಾರಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಸಾಮಾನ್ಯ ಮೈಕ್ರೋಕಂಟ್ರೋಲರ್‌ಗಳಲ್ಲೂ ಇದಕ್ಕಾಗಿ ಒಂದು ಪಿನ್ ಇರುತ್ತದೆ, ಹೆಚ್ಚಿನವರು ಅದನ್ನು ಖಾಲಿ ಬಿಟ್ಟಿರುತ್ತಾರೆ.

ಶಂಟ್ ಬಗ್ಗೆ ಇನ್ನೆರಡು ಮಾತು. ಅರ್ಧ ಮಿಲಿಓಮಿನ ಶಂಟ್‌ನಲ್ಲಿ 120 ಆಂಪಿಯರ್ ಹರಿದರೆ ಸಿಗುವುದು 60 ಮಿಲಿವೋಲ್ಟ್. ಇಷ್ಟು ಸಣ್ಣ ಸಂಕೇತವನ್ನು ಅಳೆಯುವಾಗ ಬೆಸುಗೆಯ ರೋಧವೂ ಲೆಕ್ಕಕ್ಕೆ ಬರುವುದರಿಂದ, ಅಳತೆಯ ತಂತಿಗಳನ್ನು ಶಂಟಿನ ಮೈಯಿಂದಲೇ ಪ್ರತ್ಯೇಕವಾಗಿ ತೆಗೆಯಬೇಕು. ಹಣ ಉಳಿಸಲು ಬೋರ್ಡಿನ ತಾಮ್ರದ ಪಟ್ಟಿಯನ್ನೇ ಶಂಟ್ ಮಾಡಿಕೊಳ್ಳುವವರಿದ್ದಾರೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಹೆಚ್ಚುತ್ತದೆ, ಬೋರ್ಡು 50 ಡಿಗ್ರಿ ಬಿಸಿಯಾದರೆ ಅಳತೆ ಶೇ 20ರಷ್ಟು ತಪ್ಪುತ್ತದೆ. ಮ್ಯಾಂಗನಿನ್ ಶಂಟ್‌ಗಳಿಗೆ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಇನ್ನು ಬಸ್ಸಿನ ಋಣ ತಂತಿಯಲ್ಲಿ ಮಾತ್ರ ಶಂಟ್ ಇರುವ ಡ್ರೈವ್‌ಗಳಿಗೆ ಅರ್ಥ್ ಫಾಲ್ಟ್ ಕಾಣದಿರಬಹುದು. ಮೋಟಾರಿನ ವೈಂಡಿಂಗ್ ಮೈಗೆ ತಾಗಿ, ಮೇಲಿನ ಐಜಿಬಿಟಿಯಿಂದ ಹೊರಟ ಪ್ರವಾಹ ಭೂಮಿಯ ಮೂಲಕ ಹಿಂತಿರುಗಿದರೆ, ಅದು ಆ ಶಂಟಿನ ಹತ್ತಿರವೇ ಸುಳಿಯುವುದಿಲ್ಲ. ಮೂರೂ ಫೇಸ್‌ಗಳಲ್ಲಿ ಪ್ರವಾಹ ಅಳೆಯುವ ಹಾಲ್ ಸೆನ್ಸರ್ ಇಟ್ಟು, ಮೂರರ ಮೊತ್ತ ಸೊನ್ನೆಯೇ ಎಂದು ಸದಾ ಕೂಡಿ ನೋಡುವ ಡ್ರೈವ್‌ಗಳಿಗೆ ಹೆಚ್ಚು ಬೆಲೆ ಇರುವುದು ಸುಮ್ಮನೆ ಅಲ್ಲ.

ಶಾಶ್ವತ ಅಯಸ್ಕಾಂತದ ಮೋಟಾರುಗಳಲ್ಲಿ ಕಾಯಬೇಕಾದ ಇನ್ನೊಂದು ವಸ್ತುವಿದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಅಯಸ್ಕಾಂತಕ್ಕೆ ಎದುರಾಗಿ ದೊಡ್ಡ ಪ್ರವಾಹ ಹರಿದರೆ, ಅದರಲ್ಲೂ ನಿಯೋಡಿಮಿಯಂ ಅಯಸ್ಕಾಂತ ಬಿಸಿಯಾಗಿರುವಾಗ, ಅದು ತನ್ನ ಬಲದ ಒಂದು ಭಾಗವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ವೈಂಡಿಂಗ್ ಚೆನ್ನಾಗಿಯೇ ಇರುತ್ತದೆ, ಕಂಟ್ರೋಲರೂ ಚೆನ್ನಾಗಿಯೇ ಇರುತ್ತದೆ, ಆದರೆ ಅದೇ ಏರನ್ನು ಹತ್ತಲು ಸ್ಕೂಟರಿಗೆ ಮೊದಲಿಗಿಂತ ಹೆಚ್ಚು ಆಂಪಿಯರ್ ಬೇಕಾಗುತ್ತದೆ. ಹೆಚ್ಚು ಆಂಪಿಯರ್ ಎಂದರೆ ಹೆಚ್ಚು ಶಾಖ. ಕಂಟ್ರೋಲರಿನ ಮಿತಿಯನ್ನು ಸಾಫ್ಟ್‌ವೇರಿನಲ್ಲಿ ಏರಿಸಿ ಗಾಡಿಯ ಓಟ ಹೆಚ್ಚಿಸಿಕೊಳ್ಳುವ ಹುಡುಗರಿಗೆ ಇದನ್ನು ವಿವರಿಸುವುದು ಕಷ್ಟ, ಏಕೆಂದರೆ ಮೊದಲ ತಿಂಗಳು ಗಾಡಿ ನಿಜವಾಗಿಯೂ ಚೆನ್ನಾಗಿ ಓಡುತ್ತದೆ.

ಈಗ ನಿಧಾನದ ಗಡಿಯಾರಕ್ಕೆ ಬರೋಣ. ಡ್ರೈವ್‌ಗಳು ಸಾಮಾನ್ಯವಾಗಿ ರೇಟಿಂಗಿನ ಶೇ 150ರಷ್ಟು ಪ್ರವಾಹವನ್ನು 60 ಸೆಕೆಂಡ್ ಕೊಡಬಲ್ಲವು. ಅದಕ್ಕಿಂತ ಕಡಿಮೆ ಇದ್ದರೂ ಮೋಟಾರಿನ ರೇಟಿಂಗ್ ಮೀರಿದ್ದರೆ, ಪ್ರವಾಹದ ವರ್ಗವನ್ನು ಕಾಲದೊಂದಿಗೆ ಕೂಡಿಸುತ್ತ ಹೋಗುವ ಎಲೆಕ್ಟ್ರಾನಿಕ್ ಓವರ್‌ಲೋಡ್ ಲೆಕ್ಕ ಒಳಗೆ ನಡೆಯುತ್ತಿರುತ್ತದೆ. ವೈಂಡಿಂಗಿನ ತಾಪ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಇನ್ಸುಲೇಷನ್ನಿನ ಆಯುಷ್ಯ ಅರ್ಧವಾಗುತ್ತದೆ ಎಂಬ ಹಳೆಯ ನಿಯಮ ಇಲ್ಲಿ ನೆನಪಿರಬೇಕು. ಕ್ಲಾಸ್ ಎಫ್ ಇನ್ಸುಲೇಷನ್ನಿನ ಮಿತಿ 155 ಡಿಗ್ರಿ ಸೆಲ್ಸಿಯಸ್. ಈ ಲೆಕ್ಕ ಎಡವುವುದು ಎರಡು ಕಡೆ. ಒಂದು, ಕಡಿಮೆ ವೇಗದಲ್ಲಿ. 50 ಹರ್ಟ್ಸ್‌ನಲ್ಲಿ 14 ಆಂಪಿಯರ್ ತಡೆಯುವ ಮೋಟಾರು 10 ಹರ್ಟ್ಸ್‌ನಲ್ಲಿ ಅದೇ 14 ಆಂಪಿಯರನ್ನು ತಡೆಯುವುದಿಲ್ಲ, ಏಕೆಂದರೆ ಅದರ ಬಾಲದ ಫ್ಯಾನು ಅದೇ ಶಾಫ್ಟಿಗೆ ಸಿಕ್ಕಿಸಿದ್ದು. ಡ್ರೈವಿನಲ್ಲಿ ಸಾಮಾನ್ಯ ಮೋಟಾರೋ ಪ್ರತ್ಯೇಕ ಫ್ಯಾನ್ ಇರುವ ಮೋಟಾರೋ ಎಂದು ಕೇಳುವ ಒಂದು ಪ್ಯಾರಾಮೀಟರ್ ಇರುತ್ತದೆ. ನಾನು ನೋಡಿದ ಎಷ್ಟೋ ಪ್ಯಾನೆಲ್‌ಗಳಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಇನ್ನೊಂದು, ನೆನಪಿನ ವಿಷಯ. ನಮ್ಮ ಕಡೆಯ ಬಚ್ಚಲುಮನೆಯ ಹಂಡೆಯನ್ನು ನೆನೆಯಿರಿ: ಒಲೆಯ ಬೆಂಕಿ ಆರಿ ಬಹಳ ಹೊತ್ತಾದ ಮೇಲೂ ನೀರು ಬಿಸಿಯಾಗಿಯೇ ಇರುತ್ತದೆ, ಅದರ ಮೇಲೆ ಮತ್ತೆ ಒಲೆ ಹೊತ್ತಿಸಿದರೆ ಕುದಿಯಲು ಹೊತ್ತು ಬೇಕಿಲ್ಲ. ಮೋಟಾರೂ ಹಾಗೆಯೇ. ಓವರ್‌ಲೋಡಿನಿಂದ ಟ್ರಿಪ್ ಆದ ಡ್ರೈವಿನ ಮೈನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ, ಹಲವು ಡ್ರೈವ್‌ಗಳಲ್ಲಿ ಅಷ್ಟು ಹೊತ್ತು ಕೂಡಿಟ್ಟ ಶಾಖದ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಡ್ರೈವ್ ಮೋಟಾರು ತಣ್ಣಗಿದೆ ಎಂದುಕೊಂಡು ಮತ್ತೆ ಪೂರ್ತಿ ಅವಕಾಶ ಕೊಡುತ್ತದೆ. ಹೀಗೆ ನಾಲ್ಕು ಸಲ ಮಾಡಿ, ಐದನೆಯ ಸಲ ಹೊಗೆ ಬಂದಾಗ ಡ್ರೈವ್ ಟ್ರಿಪ್ ಆಗಲಿಲ್ಲ ಎಂದು ದೂರುವುದುಂಟು. ಹೊಸ ಡ್ರೈವ್‌ಗಳು ಈ ಲೆಕ್ಕವನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತವೆ. ಆದರೂ ವೈಂಡಿಂಗಿನೊಳಗೇ ಪಿಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ರೋಧ ಏರುವ ಸಾಧನ) ಇಟ್ಟು ಅದರ ಎರಡು ತಂತಿಗಳನ್ನು ಡ್ರೈವಿಗೆ ತಂದುಕೊಡುವುದಕ್ಕೆ ಸಮನಾದದ್ದು ಬೇರೆ ಇಲ್ಲ, ಏಕೆಂದರೆ ಅದು ಊಹಿಸುವುದಿಲ್ಲ, ಮುಟ್ಟಿ ನೋಡುತ್ತದೆ. ರಿವೈಂಡಿಂಗ್ ಮಾಡುವವರು ಇಲ್ಲಿದ್ದೀರಿ. ಕಾಯಿಲ್ ಬಿಚ್ಚಿದಾಗ ಆ ಸಣ್ಣ ಥರ್ಮಿಸ್ಟರ್‌ಗಳು ಕಂಡರೆ ದಯವಿಟ್ಟು ಬಿಸಾಡಬೇಡಿ, ಹೊಸದನ್ನು ಹಾಕಿಯೇ ಮೋಟಾರು ಮರಳಿಸಿ.

ಆಟೋ ರೀಸೆಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ವೋಲ್ಟೇಜ್ ಕುಸಿತದಿಂದ ನಿಂತ ಪಂಪು ತಾನಾಗಿ ಮತ್ತೆ ಹೊರಡಲಿ, ತಕರಾರಿಲ್ಲ. ಓವರ್‌ಕರೆಂಟಿನಿಂದ ನಿಂತದ್ದು, ಅದರಲ್ಲೂ ಡಿಸ್ಯಾಟ್ ಅಥವಾ ಅರ್ಥ್ ಫಾಲ್ಟಿನಿಂದ ನಿಂತದ್ದು, ಮನುಷ್ಯ ಬಂದು ನೋಡುವವರೆಗೆ ನಿಂತೇ ಇರಬೇಕು. ಪ್ರತಿ ಮರುಪ್ರಯತ್ನವೂ ಐಜಿಬಿಟಿಯ ಮೇಲೆ ಇನ್ನೊಂದು ಶಾರ್ಟ್ ಹೇರಿದಂತೆ. ತಾಳಿಕೆಯ ಹತ್ತು ಮೈಕ್ರೋಸೆಕೆಂಡ್ ಎಂಬುದು ಚಿಪ್ ತಣ್ಣಗಾಗಲು ಬಿಡುವು ಕೊಟ್ಟು ಎಂದೋ ಒಮ್ಮೆ ಬರುವ ಶಾರ್ಟಿಗೆ ಹೇಳಿದ ಮಾತು, ನಿಮಿಷಕ್ಕೊಂದು ಶಾರ್ಟಿಗೆ ಅಲ್ಲ.

ಇಷ್ಟು ತಿಳಿದ ಮೇಲೆ ಟ್ರಿಪ್ ಆದ ಡ್ರೈವಿನ ಮುಂದೆ ನಿಂತು ಏನು ನೋಡಬೇಕು? ಬಹಳಷ್ಟು ತಯಾರಕರು ವೇಗ ಏರುವಾಗ, ಇಳಿಯುವಾಗ, ಸ್ಥಿರವಾಗಿರುವಾಗ ಆದ ಓವರ್‌ಕರೆಂಟಿಗೆ ಬೇರೆ ಬೇರೆ ಕೋಡ್ ಕೊಟ್ಟಿರುತ್ತಾರೆ. ಈ ವ್ಯತ್ಯಾಸವೇ ಅರ್ಧ ರೋಗನಿರ್ಣಯ. ಏರುವಾಗ ಆದರೆ, ಏರುವ ಸಮಯ ತೀರ ಕಡಿಮೆ ಇಟ್ಟಿರಬಹುದು, ಟಾರ್ಕ್ ಬೂಸ್ಟ್ (ಕಡಿಮೆ ವೇಗದಲ್ಲಿ ಕೊಡುವ ಹೆಚ್ಚುವರಿ ವೋಲ್ಟೇಜ್) ಅತಿಯಾಗಿ ಮೋಟಾರಿನ ಕಬ್ಬಿಣ ಕಾಂತಕ್ಷೇತ್ರದಿಂದ ತುಂಬಿ ಸ್ಯಾಚುರೇಟ್ ಆಗುತ್ತಿರಬಹುದು, ಐಸ್ ಪ್ಲಾಂಟಿನ ಕಂಪ್ರೆಸರ್ ಆಗಿದ್ದರೆ ಒತ್ತಡ ಇಳಿಯುವ ಮೊದಲೇ ಹೊರಡುತ್ತಿರಬಹುದು. ಗಾಳಿಗೆ ತಾನಾಗಿ ತಿರುಗುತ್ತಿರುವ ಫ್ಯಾನನ್ನು ಸೊನ್ನೆಯಿಂದ ಹೊರಡಿಸಿದರೂ ಹೀಗಾಗುತ್ತದೆ. ಸ್ಥಿರ ವೇಗದಲ್ಲಿ ಆದರೆ, ಅಕ್ಕಿ ಗಿರಣಿಯಲ್ಲಿ ಏನೋ ಸಿಕ್ಕಿಕೊಂಡಂತೆ ಹೊರೆ ಹಠಾತ್ತಾಗಿ ಏರಿರಬೇಕು, ಇಲ್ಲವೇ ಬೇರಿಂಗ್ ಹಿಡಿದಿರಬೇಕು.

ರಿವೈಂಡಿಂಗ್ ಆಗಿ ಬಂದ ಮೋಟಾರಿನ ಪ್ರಸಂಗವೊಂದನ್ನು ಹೇಳುತ್ತೇನೆ. ತೆಂಗಿನೆಣ್ಣೆ ಗಾಣವೊಂದರಲ್ಲಿ ಇದೇ 10 ಎಚ್‌ಪಿ ಮೋಟಾರು ರಿವೈಂಡಿಂಗ್ ನಂತರ ಡ್ರೈವಿನಲ್ಲಿ ಏರುವಾಗಲೆಲ್ಲ ಟ್ರಿಪ್ ಆಗುತ್ತಿತ್ತು. ಇನ್ಸುಲೇಷನ್ ನೋಡುವ ಮೆಗ್ಗರ್ ಪರೀಕ್ಷೆ ಸರಿಯಿತ್ತು, ಮೂರೂ ಫೇಸ್‌ಗಳ ರೋಧ ಸಮನಾಗಿತ್ತು, ಡ್ರೈವೇ ಹೋಗಿದೆ ಎಂದು ತೀರ್ಮಾನವೂ ಆಗಿತ್ತು. ಬೆಲ್ಟ್ ತೆಗೆದು ಖಾಲಿ ಓಡಿಸಿದಾಗ ಐದಾರು ಆಂಪಿಯರ್ ಇರಬೇಕಾದಲ್ಲಿ ಒಂಬತ್ತರ ಮೇಲಿತ್ತು, ಮೂರೂ ಫೇಸ್‌ಗಳಲ್ಲೂ ಒಂದೇ ಸಮ. ಸುತ್ತು ಕಡಿಮೆ ಬಿದ್ದಿತ್ತು. ಶೇ 10ರಷ್ಟು ಸುತ್ತು ಕಡಿಮೆಯಾದರೆ ಕಾಂತಕ್ಷೇತ್ರ ಶೇ 11ರಷ್ಟು ಏರಬೇಕು. ಕಬ್ಬಿಣ ಅದಾಗಲೇ ಸ್ಯಾಚುರೇಷನ್ನಿನ ಅಂಚಿನಲ್ಲಿರುವುದರಿಂದ ಪ್ರವಾಹ ಅದಕ್ಕಿಂತ ಎಷ್ಟೋ ಹೆಚ್ಚು ಏರುತ್ತದೆ. ಡಿಒಎಲ್ ಸ್ಟಾರ್ಟರಿನಲ್ಲಿ ಈ ಮೋಟಾರು ದೂರಿಲ್ಲದೆ ಓಡುತ್ತಿತ್ತು ಮತ್ತು ಬೇಗ ಸುಡುತ್ತಿತ್ತು. ಡ್ರೈವ್ ಅದನ್ನು ಮೊದಲ ದಿನವೇ ಹೇಳಿತು, ಕೇಳುವವರಿಗೆ ಅದು ಡ್ರೈವಿನ ದೋಷವಾಗಿ ಕೇಳಿಸಿತು.

ನಮ್ಮ ಕರಾವಳಿಯಲ್ಲಿ ಗಮನಿಸಬೇಕಾದ ಇನ್ನೆರಡು ಕಾರಣಗಳಿವೆ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪಿಗೆ ನೂರು ಮೀಟರಿಗೂ ಮೀರಿದ ಕೇಬಲ್ ಇಳಿಸುತ್ತೇವೆ. ಉದ್ದ ಕೇಬಲ್ ಎಂದರೆ ದೊಡ್ಡ ಕೆಪಾಸಿಟೆನ್ಸ್. ಐಜಿಬಿಟಿ ಪ್ರತಿ ಬಾರಿ ಸ್ವಿಚ್ ಆದಾಗಲೂ ಅದನ್ನು ತುಂಬಿಸಲು ಪ್ರವಾಹದ ಮೊನೆಯೊಂದು ಏಳುತ್ತದೆ. ಕ್ಲ್ಯಾಂಪ್ ಮೀಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿರುವಾಗಲೂ ಸಣ್ಣ ಡ್ರೈವ್‌ಗಳು ಇದರಿಂದ ಟ್ರಿಪ್ ಆಗುತ್ತವೆ. ಇದಕ್ಕೆ ಮದ್ದು ಔಟ್‌ಪುಟ್ ಚೋಕ್ (ಪ್ರವಾಹದ ಏರಿಕೆಯನ್ನು ನಿಧಾನಿಸುವ ಸುರುಳಿ) ಮತ್ತು ಕಡಿಮೆ ಸ್ವಿಚಿಂಗ್ ಆವರ್ತನ, ಮಿತಿ ಏರಿಸುವುದಲ್ಲ. ಎರಡನೆಯದು ಮಳೆಗಾಲದ ಆಟಿ ತಿಂಗಳ ಹವೆ. ಡಿಸ್ಯಾಟ್ ಸರ್ಕ್ಯೂಟಿನಲ್ಲಿ ಹರಿಯುವುದು ಕೆಲವೇ ನೂರು ಮೈಕ್ರೋಆಂಪಿಯರ್. ಉಪ್ಪು ಮತ್ತು ಧೂಳು ಕೂತ ಬೋರ್ಡಿನ ಮೇಲೆ ತೇವ ಬಿದ್ದರೆ, ಪಕ್ಕದ 600 ವೋಲ್ಟಿನಿಂದ ಸೋರುವ ಪ್ರವಾಹವೇ ಅದನ್ನು ಕೆಣಕಲು ಸಾಕು. ಬೆಳಿಗ್ಗೆ ಆನ್ ಮಾಡಿದೊಡನೆ ಟ್ರಿಪ್ ಆಗಿ, ಹೊತ್ತು ಏರಿದಂತೆ ತಾನೇ ಸರಿಹೋಗುವ ಡ್ರೈವ್ ಇದ್ದರೆ ಮೊದಲು ಇದನ್ನು ಶಂಕಿಸಿ. ಬೋರ್ಡಿಗೆ ಲೇಪನ, ಪ್ಯಾನೆಲ್ಲಿಗೆ ಸಣ್ಣ ಹೀಟರ್, ರಾತ್ರಿ ಕೆಲಸವಿಲ್ಲದಿದ್ದರೂ ಕಂಟ್ರೋಲ್ ಸಪ್ಲೈ ಆಫ್ ಮಾಡದಿರುವುದು, ಇವು ಇಲ್ಲಿ ಅನುಕೂಲವಲ್ಲ, ಅಗತ್ಯ.

ರಕ್ಷಣೆ ಕೆಲಸ ಮಾಡುತ್ತಿದೆಯೇ ಎಂದು ಡ್ರೈವ್ ಸುಡದೆ ತಿಳಿಯುವುದು ಹೇಗೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಶಾರ್ಟ್ ಮಾಡಿ ನೋಡುವುದು ತಯಾರಕರ ಪ್ರಯೋಗಾಲಯದ ಕೆಲಸ, ನಮ್ಮದಲ್ಲ. ಓವರ್‌ಲೋಡಿನ ಸೆಟ್ಟಿಂಗನ್ನು ಓಡುತ್ತಿರುವ ಪ್ರವಾಹಕ್ಕಿಂತ ಕೆಳಗೆ ಇಳಿಸಿ, ಎಷ್ಟು ಹೊತ್ತಿಗೆ ಟ್ರಿಪ್ ಆಗುತ್ತದೆಂದು ಗಡಿಯಾರ ಹಿಡಿದು ನೋಡಬಹುದು. ನೋಡಿದ ಮೇಲೆ ಮೊದಲಿದ್ದ ಅಂಕಿಗೆ ಮರಳಿಸಿ, ಅದನ್ನು ಪ್ಯಾನೆಲ್ಲಿನ ಬಾಗಿಲ ಒಳಬದಿಗೆ ಬರೆದಿಡಿ. ಟ್ರಿಪ್ ಆದ ಡ್ರೈವನ್ನು ಪರೀಕ್ಷಿಸುವಾಗ ಮೊದಲು ಮೋಟಾರಿನ ಕೇಬಲ್ಲನ್ನು ಡ್ರೈವಿನ ತುದಿಯಲ್ಲಿ ಬಿಚ್ಚಿ, ಡ್ರೈವನ್ನು ಮಾತ್ರ ಓಡಿಸಿ. ಆಗಲೂ ಓವರ್‌ಕರೆಂಟ್ ತೋರಿಸಿದರೆ ದೋಷ ಒಳಗಿದೆ. ತೋರಿಸದಿದ್ದರೆ ಮೋಟಾರಿನ ತುದಿಯಲ್ಲಿ ಬಿಚ್ಚಿ, ಕೇಬಲ್ ಮತ್ತು ಮೋಟಾರನ್ನು ಬೇರೆಬೇರೆಯಾಗಿ ಮೆಗ್ಗರ್ ಮಾಡಿ. ಕೇಬಲ್ ಡ್ರೈವಿಗೆ ಜೋಡಿಸಿಯೇ ಇರುವಾಗ ಮೆಗ್ಗರ್ ತಿರುಗಿಸಬೇಡಿ. 1000 ವೋಲ್ಟಿನ ಮೆಗ್ಗರ್ ಡ್ರೈವಿನೊಳಗೆ ನುಗ್ಗಿದರೆ, ಅಲ್ಲಿಯವರೆಗೆ ಉಳಿದಿದ್ದ ಐಜಿಬಿಟಿಯನ್ನೂ ಬೋರ್ಡನ್ನೂ ಪರೀಕ್ಷೆಯೇ ಕೆಡಿಸಬಹುದು. ಟರ್ಮಿನಲ್ ಮುಟ್ಟುವ ಮೊದಲು ಕೆಪಾಸಿಟರ್ ಖಾಲಿಯಾಗಲು ಐದು ನಿಮಿಷವೋ ಹತ್ತು ನಿಮಿಷವೋ, ಡ್ರೈವಿನ ಮೇಲೆ ಬರೆದಷ್ಟು ಕಾದು, ಡಿಸಿ ಬಸ್ಸಿನ ಎರಡು ತುದಿಗಳ ನಡುವೆ ಮೀಟರ್ ಇಟ್ಟು ಸೊನ್ನೆ ಕಂಡ ಮೇಲೆಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.